ಇಟ್ಟಿಗೆ-ಮರಳಿನ ತಂಪು ಪೆಟ್ಟಿಗೆ ನಮ್ಮ ಕರಾವಳಿಯಲ್ಲಿ ನಡೀತದಾ? (ತರಕಾರಿ, ಭತ್ತ ಎರಡರ ಬಗ್ಗೆಯೂ)

ಕಾಪು_ಗದ್ದೆಬದಿ
ಎಲ್ಲರಿಗೂ ನಮಸ್ಕಾರ. ಕಾಪು–ಕಟಪಾಡಿ ಬದಿಯ ಹತ್ತು-ಹನ್ನೆರಡು ಮನೆಯವರು ಸೇರಿ ಕೊಯ್ದ ತರಕಾರಿ ಇಡ್ಲಿಕ್ಕೆ ಒಂದು ವ್ಯವಸ್ಥೆ ಮಾಡುವ ಅಂತ ಉಂಟು. ಒಬ್ಬೊಬ್ಬರದ್ದು ಅರ್ಧ ಎಕ್ರೆ, ಹೆಚ್ಚೆಂದರೆ ಒಂದು. ಗುಳ್ಳ (ನಮ್ಮ ಕಡೆಯ ಬದನೆ), ಬೆಂಡೆ, ಹರಿವೆ, ಬಸಳೆ, ಅಲಸಂಡೆ, ಸೌತೆ. ಎಲ್ಲ ಸೇರಿ ದಿನಕ್ಕೆ 150–200 ಕೆ.ಜಿ. ಸಂಜೆ ಕೊಯ್ದು ಬೆಳಿಗ್ಗೆ ಉಡುಪಿಗೆ ಮುಟ್ಟುವಾಗ ಹರಿವೆ ಬಾಡಿರ್ತದೆ, ಬೆಂಡೆಯ ತುದಿ ಕಪ್ಪು, ಗುಳ್ಳದ ಮೈಯೆಲ್ಲ ಗೀರು. ವ್ಯಾಪಾರಿ ಅಲ್ಲೇ ರೇಟು ಇಳಿಸ್ತಾನೆ.

ವಿಡಿಯೋದಲ್ಲಿ ಇಟ್ಟಿಗೆಯ ಎರಡು ಗೋಡೆ, ನಡುವೆ ಮರಳು, ಮರಳಿಗೆ ನೀರು ಬಿಡುವ ತಂಪು ಪೆಟ್ಟಿಗೆ ತೋರಿಸ್ತಾರೆ. ಕರೆಂಟು ಬೇಡ, ಹೊರಗಿಗಿಂತ 10–15 ಡಿಗ್ರಿ ಕಮ್ಮಿ ಅಂತೆ. ಕಟ್ಟಬಹುದಾ?

ಎರಡನೇದು ಏಣೆಲು (ಮಳೆಗಾಲದ ಬೆಳೆ) ಭತ್ತ. ಅಕ್ಟೋಬರ್ ಕೊಯ್ಲಿನ ಹೊತ್ತಿಗೆ ಸಂಜೆ ಸಂಜೆ ಮಳೆ. ಮೆಶಿನ್‌ನಿಂದ ಇಳಿದ ಹಸಿ ಭತ್ತ ಚೀಲದಲ್ಲೇ ಬಿಸಿ ಏರ್ತದೆ. ಇದಕ್ಕೆ ಎಂತ ಮಾಡುದು?

ಬಯಲುಸೀಮೆ_ಸುರತ್ಕಲ್
ಧೈರ್ಯವಾಗಿ ಕಟ್ಟಿ. ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲೇ ಮಾಡಿದ ವಿನ್ಯಾಸ. ಅಳತೆ ಬರ್ಕೊಳ್ಳಿ: ನೆಲಕ್ಕೆ ಇಟ್ಟಿಗೆ ಹಾಸಿ 165 × 115 ಸೆಂ.ಮೀ. ತಳ. ಎರಡು ಗೋಡೆ, ನಡುವೆ 7.5 ಸೆಂ.ಮೀ. ಸಂದು, ಎತ್ತರ 67.5 ಸೆಂ.ಮೀ. ಸಂದಿಗೆ ಹೊಳೆ ಮರಳು. ಸುಮಾರು 400 ಇಟ್ಟಿಗೆ ಬೇಕು, ಸಿಮೆಂಟ್ ಗಾರೆ ಬೇಡ. ಮೇಲೆ ಬಿದಿರು-ಹುಲ್ಲಿನ ಮುಚ್ಚಳ, ಒಳಗೆ ಕ್ರೇಟ್. ಬೆಳಿಗ್ಗೆ ಸಂಜೆ ಮರಳು ನೆನೆಸಬೇಕು. 100 ಕೆ.ಜಿ. ಹಿಡೀತದೆ. ವಿಜಯಪುರ, ರಾಯಚೂರಿನ ಬೇಸಿಗೇಲಿ ಒಳಗೆ ಕೈ ಇಟ್ರೆ ಗೊತ್ತಾಗ್ತದೆ ಹೆಂಗೆ ತಂಪು ಅಂತ.

ಆರ್ದ್ರತೆ_ಮಾಷ್ಟ್ರು
ಮೇಲಿನವರ ಅಳತೆ ಎಲ್ಲ ಸರಿ. ಊರು ಮಾತ್ರ ಬೇರೆ. ಆ ಪೆಟ್ಟಿಗೆ ತಂಪಾಗುದು ನೀರು ಆವಿಯಾಗುವುದರಿಂದ, ಆವಿಯಾಗ್ಲಿಕ್ಕೆ ಗಾಳಿ ಒಣಗಿರಬೇಕು. ರಾಯಚೂರಿನಲ್ಲಿ 40 ಡಿಗ್ರಿ, ತೇವಾಂಶ ಶೇ. 20 ಇದ್ದರೆ ನೀರು ಆರುತ್ತಾ ಇಳಿಯಬಹುದಾದ ಕೊನೆಯ ಮಿತಿ ಸುಮಾರು 22 ಡಿಗ್ರಿ. ಅಂದರೆ 18 ಡಿಗ್ರಿ ಅಂತರ. ಪೆಟ್ಟಿಗೆಗೆ ಅದರ ಮುಕ್ಕಾಲು ಸಿಕ್ಕಿದರೂ 13 ಡಿಗ್ರಿ ತಂಪು.

ಇಲ್ಲಿ ಏಪ್ರಿಲ್‌ನಲ್ಲಿ 33 ಡಿಗ್ರಿ, ತೇವಾಂಶ ಶೇ. 70 ಅಂತ ಇಟ್ಟುಕೊಳ್ಳಿ. ಮಿತಿ 28ರ ಹತ್ತಿರ. ಅಂತರವೇ 5, ಕೈಗೆ ಸಿಗುದು ಮೂರೂವರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೂನ್ಯ ಅಂತಲೇ ಬರೆಯಿರಿ. 10–15 ಎಂಬ ಲೆಕ್ಕ ಒಣ ಊರಿನದ್ದು.

ನಂಬಿಕೆ ಇಲ್ಲದಿದ್ದರೆ ಇಟ್ಟಿಗೆ ತರುವ ಮೊದಲು ಎರಡು ಮಾಮೂಲಿ ಥರ್ಮಾಮೀಟರ್ ತನ್ನಿ. ಒಂದರ ಬುಡಕ್ಕೆ ಒದ್ದೆ ಹತ್ತಿ ಬಟ್ಟೆ ಸುತ್ತಿ, ಎರಡಕ್ಕೂ ನೆರಳಿನಲ್ಲಿ ಫ್ಯಾನ್ ಗಾಳಿ ಕೊಡಿ. ಹತ್ತು ನಿಮಿಷದ ಮೇಲೆ ಎರಡರ ವ್ಯತ್ಯಾಸ ನೋಡಿ. ಎಂಟು ಡಿಗ್ರಿಗಿಂತ ಕಮ್ಮಿ ಇದ್ದರೆ ಪೆಟ್ಟಿಗೆಗೆ ದುಡ್ಡು ಹಾಕಬೇಡಿ.

ಬಯಲುಸೀಮೆ_ಸುರತ್ಕಲ್
ಡಿಸೆಂಬರ್-ಜನವರಿ ಮಧ್ಯಾಹ್ನ ಇಲ್ಲೂ ಗಾಳಿ ಒಣಗಿರ್ತದಲ್ಲ ಸಾರ್? ಮೂಡಣ ಗಾಳಿ ಬೀಸುವಾಗ ತುಟಿ ಒಡೀತದೆ. ಆಗ ಕೆಲಸ ಮಾಡ್ಲೇಬೇಕು.

ಆರ್ದ್ರತೆ_ಮಾಷ್ಟ್ರು
ಮಾಡ್ತದೆ. 33 ಡಿಗ್ರಿ, ಶೇ. 50 ಆದರೆ ಮಿತಿ 25ರ ಕೆಳಗೆ ಬರ್ತದೆ, ಆರು ಡಿಗ್ರಿ ಸಿಕ್ಕೀತು. ಆದರೆ ಅದು ಮಧ್ಯಾಹ್ನದ ಲೆಕ್ಕ. ಇವರು ಇಡುದು ರಾತ್ರಿ, ರಾತ್ರಿ ಇಲ್ಲಿ ತೇವಾಂಶ ಏರಿಯೇ ಏರ್ತದೆ. ವರ್ಷಕ್ಕೆ ಎರಡೂವರೆ ತಿಂಗಳ ಉಪಕಾರಕ್ಕೆ 400 ಇಟ್ಟಿಗೆ ಯಾಕೆ?

ಅಡಿಗೆಕೋಣೆ_ಅಟ್ಟ
ತಂಪು ಬಾರದಿದ್ದರೂ ಸೊಪ್ಪಿಗೆ ಅದು ಆಗ್ತದೆ ಮಾರಾಯ್ರೆ, ಬಾಡುದು ನಿಲ್ತದೆ. ಆದರೆ ಸೊಪ್ಪಿಗೆ ಅಷ್ಟೇ. ಬೆಂಡೆ, ಅಲಸಂಡೆ ಅದರೊಳಗೆ ಇಟ್ಟರೆ ಎರಡನೇ ದಿನಕ್ಕೆ ಲೋಳೆ ಲೋಳೆ. ಸೊಪ್ಪಿಗೆ ಬೇಕಾದ್ದು ಇಷ್ಟೇ ಆದರೆ ಒದ್ದೆ ಗೋಣಿಯೂ ಅದೇ ಕೆಲಸ ಮಾಡ್ತದಲ್ಲ.

ಕುಂದಾಪ್ರ_ಗಂಟಿ
ಹ್ವಾಯ್, ಮೊದ್ಲ್ ಕೊಯ್ಯು ಹೊತ್ತ್ ಸರಿ ಮಾಡ್ಕಣಿ ಮರ್ರೆ. ಪೆಟ್ಟಿಗಿ ಕಥಿ ಕಡಿಕ್ ಆಯ್ಲಿ.

ಗುಳ್ಳ_ಗದ್ದೆ
ಕುಂದಾಪ್ರದವರು ಹೇಳಿದ್ದೇ ಮುಖ್ಯ. ಒಂದೊಂದೇ ಬೆಳೆ ಹೇಳ್ತೇನೆ.

ಹರಿವೆ: ಸಂಜೆ ಕಿತ್ತರೆ ಅದರೊಳಗೆ ನೀರೇ ಇರುದಿಲ್ಲ, ಹಗಲಿಡೀ ಬಿಸಿಲಿಗೆ ಕಳಕೊಂಡಿರ್ತದೆ. ಬೆಳಗ್ಗಿನ ಜಾವ, ಸೂರ್ಯ ಹುಟ್ಟುವ ಮೊದಲು ಬೇರು ಸಮೇತ ಕೀಳಿ. ಮಣ್ಣು ತೊಳೆದು ಬೇರು ಮಾತ್ರ ನೀರಲ್ಲಿ ಮುಳುಗುವ ಹಾಗೆ ಬುಟ್ಟಿಯಲ್ಲಿ ನಿಲ್ಲಿಸಿ. ಅಡ್ಡ ಹಾಕಿ ಕಟ್ಟು ಮೇಲೆ ಕಟ್ಟು ಪೇರಿಸಿದರೆ ನಡುವಿನದ್ದು ಬಿಸಿಯಾಗಿ ಹಳದಿ ಆಗ್ತದೆ. ಸಂಜೆಯೇ ಕೀಳಬೇಕಾದ ಅನಿವಾರ್ಯ ಇದ್ದರೆ ಐದೂವರೆ ಕಳೆದ ಮೇಲೆ ಕಿತ್ತು ರಾತ್ರಿಯಿಡೀ ಬೇರನ್ನು ನೀರಲ್ಲಿ ಇಡಿ, ಬೆಳಿಗ್ಗೆಗೆ ಎದ್ದು ನಿಲ್ತದೆ.

ಬಸಳೆ: ಬಳ್ಳಿಯ ಕಡಿದ ತುದಿ ಎರಡು-ಮೂರು ಇಂಚು ನೀರಲ್ಲಿ. ಎಲೆಗೆ ನೀರು ತಾಗಬಾರದು.

ಬೆಂಡೆ: ಇಬ್ಬನಿ ಆರಿದ ಮೇಲೆಯೇ, ಅಂದರೆ ಏಳೂವರೆ-ಎಂಟರ ನಂತರ ಕೊಯ್ಲು. ಒದ್ದೆ ಬೆಂಡೆ ಒಂದಕ್ಕೊಂದು ಉಜ್ಜಿದಾಗ ಏಣು ಕಪ್ಪಾಗ್ತದೆ. ತೊಳೆಯಲೇಬೇಡಿ. ಕೈಗೆ ಹತ್ತಿಯ ಗ್ಲೌಸ್, ಕ್ರೇಟಿನಲ್ಲಿ ಒಂದು ಗೇಣಿಗಿಂತ ಎತ್ತರ ತುಂಬಬಾರದು.

ಗುಳ್ಳ: ಗೀರು ಬೀಳುದು ಅದರದ್ದೇ ಮುಳ್ಳಿನಿಂದ. ತೊಟ್ಟಿನ ಮುಳ್ಳು ಪಕ್ಕದ ಕಾಯಿಯ ಮೈಗೆ ತಾಗ್ತದೆ. ಕತ್ತರಿಯಲ್ಲಿ ಒಂದು-ಒಂದೂವರೆ ಸೆಂಟಿಮೀಟರ್ ತೊಟ್ಟು ಬಿಟ್ಟು ಕತ್ತರಿಸಿ, ಎಳೆದು ಕೀಳಬೇಡಿ. ಕ್ರೇಟಿನ ಅಡಿಗೆ ಪೇಪರ್, ತೊಟ್ಟು ಹೊರಗೋಡೆಯ ಕಡೆಗೆ, ಎರಡೇ ಸಾಲು, ಸಾಲಿನ ನಡುವೆ ಇನ್ನೊಂದು ಪೇಪರ್. ಗೋಣಿಯಲ್ಲಿ ತುಂಬಿದರೆ ಅಡಿಯ ಕಾಯಿಯ ಮೇಲೆ 40 ಕೆ.ಜಿ. ಭಾರ, ಅದರ ಮೇಲೆ ಟೆಂಪೋದಲ್ಲಿ ಒಬ್ಬ ಕೂತುಕೊಳ್ತಾನೆ. ಜಿ.ಐ. (ಊರಿನ ಹೆಸರಿನ ಭೌಗೋಳಿಕ) ಗುರುತು 2011ರಲ್ಲೇ ಬಂದ ಕಾಯಿಯನ್ನು ಸಿಮೆಂಟು ಚೀಲದ ಹಾಗೆ ಬಿಸಾಡಿದರೆ ಯಾರು ರೇಟು ಕೊಡ್ತಾರೆ?

ಕಾಪು_ಗದ್ದೆಬದಿ
ಗುಳ್ಳದ ತೊಟ್ಟು ಹೊರಗಡೆ ಮುಖ ಮಾಡುವ ವಿಷಯ ಯಾರೂ ಹೇಳಿರಲಿಲ್ಲ. ಕ್ರೇಟ್ ಯಾವ ಅಳತೆಯದ್ದು ಬೇಕು? ಅದನ್ನು ಬ್ಲೀಚಿಂಗ್ ಹಾಕಿ ತೊಳೀಬೇಕಂತೆ, ಎಷ್ಟು ಹಾಕುದು?

ಗುಳ್ಳ_ಗದ್ದೆ
ಸಾಮಾನ್ಯ 20 ಕೆ.ಜಿ. ಟೊಮೆಟೊ ಕ್ರೇಟ್, 540 × 360 × 290 ಮಿ.ಮೀ. ಗೋಡೆಯಲ್ಲಿ ತೂತು ಇರುವಂಥದ್ದು. ಗುಳ್ಳಕ್ಕೆ ಅದರಲ್ಲಿ 10–12 ಕೆ.ಜಿ. ಮೇಲೆ ಹೋಗಬೇಡಿ. ಕ್ರೇಟು ಪೇರಿಸುವಾಗ ಭಾರ ಕ್ರೇಟಿನ ಅಂಚಿಗೆ ಬೀಳಬೇಕು, ಕಾಯಿಗೆ ಅಲ್ಲ.

ಶೇ. 30 ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿ ಆದರೆ 10 ಲೀಟರಿಗೆ 3.3 ಗ್ರಾಂ, ಒಂದು ಸಣ್ಣ ಚಮಚದಷ್ಟು. ಮೊದಲು ಮಣ್ಣು, ಎಲೆ ಚೂರು ತೊಳೆದು ಹೋಗಬೇಕು, ಕೊಳೆ ಇದ್ದರೆ ಕ್ಲೋರಿನ್ ಅದಕ್ಕೇ ಖರ್ಚಾಗಿ ಮುಗೀತದೆ. ಹಳೇ ತೆರೆದ ಪೊಟ್ಟಣದ ಪುಡಿಯಲ್ಲಿ ಶಕ್ತಿ ಇರುದಿಲ್ಲ, ನಮ್ಮ ಹವೆಗೆ ಬೇಗ ಸತ್ತುಹೋಗ್ತದೆ.

ಬಂದರು_ಬದಿ
ಇಷ್ಟೆಲ್ಲ ಎಂತಕ್ಕೆ, ಮಲ್ಪೆಯಿಂದ ಐಸ್ ತಂದು ಹಾಕಿ. ಮೀನಿಗೆ ಆಗುದು ಬೆಂಡೆಗೆ ಆಗುದಿಲ್ವಾ?

ಆರ್ದ್ರತೆ_ಮಾಷ್ಟ್ರು
ಆಗುದಿಲ್ಲ. ಗುಳ್ಳ, ಬೆಂಡೆ, ಸೌತೆ ಇವೆಲ್ಲ ಬಿಸಿ ಸೀಮೆಯ ಗಿಡಗಳು. ಗುಳ್ಳ, ಸೌತೆಗೆ 10–12 ಡಿಗ್ರಿ, ಬೆಂಡೆಗೆ 7–10. ಅದಕ್ಕಿಂತ ಕೆಳಗೆ ಹೋದರೆ ಮೈಯಲ್ಲಿ ಗುಳಿ ಬೀಳ್ತದೆ, ಗುಳ್ಳದ ಬೀಜ ಕಂದಾಗ್ತದೆ, ಹೊರಗೆ ತೆಗೆದ ದಿನವೇ ಕೊಳೀತದೆ. ಬಾಳೆಹಣ್ಣು 13ಕ್ಕಿಂತ ಕೆಳಗೆ ಇಟ್ಟರೆ ಸಿಪ್ಪೆ ಕಪ್ಪು. ಫ್ರಿಜ್ಜಿನಲ್ಲಿ ನೋಡಿಯೇ ಇರ್ತೀರಿ.

ಬಂದರು_ಬದಿ
ಸರಿ ಬಿಡಿ. ಮೀನಿಗಾದರೆ ಒಂದಕ್ಕೆ ಒಂದು: ಕಿಲೋ ಮೀನಿಗೆ ಕಿಲೋ ಐಸ್. 30 ಡಿಗ್ರಿಯ ಮೀನನ್ನು ಸೊನ್ನೆಗೆ ಇಳಿಸ್ಲಿಕ್ಕೆ ಬೇಕಾದ್ದು ಮೂರನೇ ಒಂದು ಪಾಲು ಐಸ್ ಮಾತ್ರ, ಉಳಿದದ್ದು ದಾರಿಯಲ್ಲಿ ಕರಗ್ಲಿಕ್ಕೆ. ಅದಕ್ಕೇ ದಪ್ಪ ಥರ್ಮಾಕೋಲ್ ಪೆಟ್ಟಿಗೆ ಆದರೆ ಐಸ್ ಕಮ್ಮಿ ಸಾಕು. ಐಸ್ ದೊಡ್ಡ ತುಂಡು ಇದ್ದರೆ ಬಂಗುಡೆಯ ಹೊಟ್ಟೆ ಒಡೀತದೆ, ಪುಡಿ ಮಾಡಿ ಒಂದು ಪದರ ಐಸ್ ಒಂದು ಪದರ ಮೀನು. ಅಡಿಯಲ್ಲಿ ನೀರು ಇಳಿದು ಹೋಗ್ಲಿಕ್ಕೆ ತೂತು.

ನಿರ್ವಾಹಕ
ಮೀನಿಗೆ ಬೇರೆ ಚರ್ಚೆ ಉಂಟು. ಇಲ್ಲಿ ತರಕಾರಿ, ಭತ್ತ.

ಕುಂದಾಪ್ರ_ಗಂಟಿ
ಬಂಗ್ಡಿ ಮಾತ್ ಬಂದ್ ಕೂಡ್ಲೆ ನಿರ್ವಾಹಕ್ರಿಗೆ ಹಸು ಆಯ್ತ್ ಕಾಣತ್ 😄

ಎಸಿ_ರಿಪೇರಿ_ಪಡುಬಿದ್ರಿ
ದಿನಕ್ಕೆ 200 ಕೆ.ಜಿ.ಗೆ ಕೋಲ್ಡ್ ಸ್ಟೋರೇಜ್ ಬೇಡ. 8 × 8 × 8 ಅಡಿ ಕೋಣೆ, ಗೋಡೆ-ಮಾಡು-ಬಾಗಿಲು ಎಲ್ಲದಕ್ಕೂ 3–4 ಇಂಚು ಪಫ್ ಶೀಟ್ (ಶಾಖ ತಡೆಯುವ ಫೋಮ್ ಹಲಗೆ), ಒಂದೂವರೆ ಟನ್ ಮನೆ ಎಸಿ. ಲೆಕ್ಕ ಹೀಗೆ: 200 ಕೆ.ಜಿ.ಯನ್ನು 32ರಿಂದ 12ಕ್ಕೆ ಇಳಿಸ್ಲಿಕ್ಕೆ ತೆಗೆಯಬೇಕಾದ ಶಾಖ ಸುಮಾರು ನಾಲ್ಕೂವರೆ ಯೂನಿಟ್ಟಿನಷ್ಟು. ಒಂದೂವರೆ ಟನ್ನಿನ ಎಸಿ ಗಂಟೆಗೆ ಐದು ಯೂನಿಟ್ಟಿನಷ್ಟು ಶಾಖ ಹೊರಹಾಕ್ತದೆ. ಬಾಗಿಲು ತೆರೆಯುದು, ಸೋರಿಕೆ ಎಲ್ಲ ಸೇರಿಸಿದರೂ ಧಾರಾಳ.

ಮನೆ ಎಸಿ 16ರಲ್ಲಿ ನಿಲ್ತದೆ. ಇನ್ನೂ ಕೆಳಗೆ ಇಳಿಸ್ಲಿಕ್ಕೆ ಅದರ ಸೆನ್ಸರನ್ನು ಸ್ವಲ್ಪ ಬಿಸಿ ಮಾಡಿ ಮೋಸಗೊಳಿಸುವ 'ಕೂಲ್‌ಬಾಟ್' ತರದ ಸಾಧನ ಉಂಟು. ಆದರೆ ನಿಮ್ಮ ಬೆಳೆಗೆ, ಒಂದು ರಾತ್ರಿಗೆ, 16 ಸಾಕು. ಕೂಲ್‌ಬಾಟ್ ಹಾಕಿದರೆ ರೆಕ್ಕೆಯಲ್ಲಿ ಐಸ್ ಕಟ್ಟುದು, ಅದರ ರಿಪೇರಿ... ನಮಗೇನೋ ವ್ಯಾಪಾರ, ನಿಮಗೆ ತಲೆಬಿಸಿ.

ಪಫ್ ಶೀಟಿನ ಸಂದಿಗೆ ಫೋಮ್ ಹೊಡೆದು ಹೊರಗಿನಿಂದ ಟೇಪ್ ಹಾಕಿ. ಈ ಊರಲ್ಲಿ ಸಂದಿಯಿಂದ ಒಳನುಗ್ಗುವ ತೇವ ಶೀಟಿನ ಒಳಗೇ ನೀರಾಗಿ ನಿಲ್ತದೆ, ಆಮೇಲೆ ಶಾಖ ತಡೆಯುವ ಗುಣವೇ ಹೋಗ್ತದೆ. ಒಳಗಿನಿಂದ ಹೊಡೆದರೆ ಪ್ರಯೋಜನ ಕಮ್ಮಿ, ತೇವ ಬರುದು ಹೊರಗಿನಿಂದ.

ಗುಳ್ಳ_ಗದ್ದೆ
ಸೊಪ್ಪನ್ನು ಆ ಎಸಿ ಗಾಳಿಗೆ ಬಿಟ್ಟರೆ ಬೆಳಿಗ್ಗೆ ಹಪ್ಪಳ. ಒದ್ದೆ ಬಟ್ಟೆ ಅಥವಾ ತೂತು ಇರುವ ಪ್ಲಾಸ್ಟಿಕ್ ಮುಚ್ಚಬೇಕು.

ಆರ್ದ್ರತೆ_ಮಾಷ್ಟ್ರು
ಎಸಿ ಅಣ್ಣನ ಮಾತಿಗೆ ಒಂದು ಸೇರಿಸ್ತೇನೆ, ಯಾಕಂದ್ರೆ ಎಲ್ಲರೂ ಮರೆಯುದು ಇದನ್ನೇ. 16 ಡಿಗ್ರಿಯ ಬೆಂಡೆಯನ್ನು ಬೆಳಿಗ್ಗೆ ಹೊರಗೆ ತೆಗೆದ ಕೂಡಲೇ ಮೈ ಬೆವರ್ತದೆ. ನಮ್ಮ ಗಾಳಿಯಲ್ಲಿ 24–26 ಡಿಗ್ರಿಗಿಂತ ತಂಪಾದ ಯಾವುದರ ಮೇಲಾದರೂ ನೀರು ಕೂತುಕೊಳ್ತದೆ. ಆ ನೀರಿನಲ್ಲೇ ಕೊಳೆ ಶುರು. ತಡೆಯುದು ಹೀಗೆ: ಕ್ರೇಟಿಗೆ ಕೋಣೆಯ ಒಳಗಿರುವಾಗಲೇ ಟರ್ಪಾಲ್ ಸುತ್ತಿ, ಹಾಗೇ ಟೆಂಪೋಗೆ ಏರಿಸಿ. ಸುತ್ತಿದ್ದು ಬಿಚ್ಚುದು ಒಳಗಿನ ಕಾಯಿ ಬೆಚ್ಚಗಾದ ಮೇಲೆ. ಬೆವರುದಿದ್ದರೆ ಟರ್ಪಾಲಿನ ಮೈ ಬೆವರಲಿ.

ಒಂದು ರಾತ್ರಿಯ ಮಟ್ಟಿಗೆ ಎಸಿ ಇಲ್ಲದೆಯೂ ಅರ್ಧ ಕೆಲಸ ಆಗ್ತದೆ. ಮಧ್ಯಾಹ್ನ ಗದ್ದೆಯಿಂದ ಬಂದ ಕಾಯಿಯ ಮೈ 36–38 ಡಿಗ್ರಿ ಇರ್ತದೆ, ಬಾವಿಯ ನೀರು 27ರ ಸುಮಾರಿಗೆ. ಗುಳ್ಳ, ಸೌತೆಯನ್ನು ಕಾಲು ಗಂಟೆ ಬಾವಿ ನೀರಲ್ಲಿ ಮುಳುಗಿಸಿ, ತೆಗೆದು ಫ್ಯಾನ್ ಗಾಳಿಗೆ ಪೂರ್ತಿ ಆರಿಸಿ. ಹತ್ತು ಡಿಗ್ರಿ ಇಳಿದರೆ ಕಾಯಿಯ ಉಸಿರಾಟ ಅರ್ಧಕ್ಕೆ, ಕೆಲವದರಲ್ಲಿ ಮೂರನೇ ಒಂದಕ್ಕೆ ಬೀಳ್ತದೆ. ಬೆಂಡೆ, ಅಲಸಂಡೆಗೆ ಈ ಸ್ನಾನ ಬೇಡ.

ಅಡಿಗೆಕೋಣೆ_ಅಟ್ಟ
ಸೌತೆಗೆ ಎಸಿಯೂ ಬೇಡ, ಸ್ನಾನವೂ ಬೇಡ. ಮಂಗಳೂರು ಸೌತೆ ಚೆನ್ನಾಗಿ ಬಲಿತು ಪಟ್ಟೆ ಹಳದಿ ಆದ ಮೇಲೆ ತೊಟ್ಟು ಸಮೇತ ಕೊಯ್ಯಿರಿ. ನೆರಳಲ್ಲಿ ವಾರ ಇಡಿ, ಸಿಪ್ಪೆ ಗಟ್ಟಿಯಾಗಲಿ. ಆಮೇಲೆ ಬಾಳೆನಾರಿನಲ್ಲೋ ತೆಂಗಿನ ಮಡಲಿನ ಸೀಳಿನಲ್ಲೋ ಒಂದೊಂದೇ ಕಾಯಿಗೆ ಎರಡು ಬಳೆ ಹಾಕಿ ಮಾಡಿನ ಪಕ್ಕಾಸಿಗೆ ತೂಗಿಬಿಡಿ. ಒಂದಕ್ಕೊಂದು ತಾಗಬಾರದು, ಗೋಡೆಗೂ ತಾಗಬಾರದು. ನೆಲದಲ್ಲಿ ಇಟ್ಟ ಕಾಯಿ ಅಡಿಯಿಂದ ಕೊಳೆಯುದು, ಅಲ್ಲಿ ಗಾಳಿ ಆಡುದಿಲ್ಲ. ಬೇಸಿಗೆಯಲ್ಲಿ ತೂಗಿದ್ದು ಆಟಿಗೆ (ಜುಲೈ-ಆಗಸ್ಟ್‌ಗೆ) ಹುಳಿ ಮಾಡ್ಲಿಕ್ಕೆ ಸಿಗ್ತದೆ. ಚೀನಿಕಾಯಿ, ಕುಂಬಳಕಾಯಿಗೂ ತೊಟ್ಟು ಮುರಿಯಬಾರದು, ಮುರಿದ ತೊಟ್ಟಿನ ಬಾಯಿಂದಲೇ ಬೂಷ್ಟು ಒಳಗೆ ಹೋಗುದು.

ವಾರಕ್ಕೊಮ್ಮೆ ಒಂದೊಂದನ್ನೂ ಒತ್ತಿ ನೋಡಿ. ಮೆತ್ತಗಾದ್ದನ್ನು ಅವತ್ತೇ ಸಾಂಬಾರಿಗೆ ಹಾಕಿ.

ಮೂಡಬಿದ್ರೆ_ಮಿಲ್ಲು
ಭತ್ತದ ಪ್ರಶ್ನೆ ಎಲ್ಲರೂ ಮರೆತರು.

ಮೆಶಿನ್ ಕೊಯ್ಲಿನ ಭತ್ತದಲ್ಲಿ ಶೇ. 20–24 ತೇವ. ಚೀಲದಲ್ಲಿ ಕಟ್ಟಿಟ್ಟರೆ ಒಂದೇ ದಿನದಲ್ಲಿ ಬಿಸಿ, ಎರಡನೇ ದಿನ ವಾಸನೆ, ಅಕ್ಕಿ ಹಳದಿ. ಹಾಗಾಗಿ ಮಳೆ ಬಂದರೂ ಸರಿ, ಚೀಲದಿಂದ ಸುರಿದು ಮಾಡಿನಡಿಯಲ್ಲಿ ಹರಡಿ ಫ್ಯಾನ್ ಬಿಡಿ. ರಾತ್ರಿಯ ಒದ್ದೆ ಗಾಳಿಗೆ ಒಣಗುದಿಲ್ಲ ನಿಜ, ಬಿಸಿ ಏರುದು ಮಾತ್ರ ನಿಲ್ತದೆ. ಒಂದೆರಡು ದಿನ ಉಸಿರಾಡ್ಲಿಕ್ಕೆ ಸಮಯ ಸಿಗ್ತದೆ.

ಬಿಸಿಲು ಬಂದ ದಿನ 3 ಸೆಂ.ಮೀ. ದಪ್ಪಕ್ಕೆ ಹರಡಿದರೆ ಚದರ ಮೀಟರಿಗೆ 17 ಕೆ.ಜಿ. ಹಿಡೀತದೆ, ಅಂದರೆ ಕ್ವಿಂಟಾಲಿಗೆ 6 ಚದರ ಮೀಟರ್. 30 × 20 ಅಡಿ ಟರ್ಪಾಲಿಗೆ ಒಂಬತ್ತು ಕ್ವಿಂಟಾಲ್ ಲೆಕ್ಕ. ಅರ್ಧ ಗಂಟೆಗೊಮ್ಮೆ ಕಾಲಲ್ಲೋ ಹಲುಬೆಯಲ್ಲೋ ತಿರುವಿ. ಹೆಚ್ಚಿನವರು ಅಂಗಳ ಸಾಲದೆ ಒಂದು ಗೇಣು ದಪ್ಪ ಹರಡ್ತಾರೆ. ಮೇಲಿನದ್ದು ಸುಟ್ಟು ಬಿರುಕು, ಅಡಿಯದ್ದು ಹಸಿ. ಎರಡೂ ಮಿಲ್ಲಿನಲ್ಲಿ ನುಚ್ಚು.

ಒಣಗಿದ ಭತ್ತಕ್ಕೆ ಮತ್ತೆ ಮಳೆಹನಿ ಬಿದ್ದರೆ ಅದು ಹಸಿ ಭತ್ತಕ್ಕಿಂತ ಕೆಟ್ಟದ್ದು. ಕಾಳು ನೀರು ಹೀರಿ ನಡುವೆ ಸೀಳ್ತದೆ. ಬೆಳ್ತಿಗೆ (ಬೇಯಿಸದ ಅಕ್ಕಿ) ಮಾಡಿಸಿದರೆ ಅರ್ಧ ನುಚ್ಚು. ಅಂಥದ್ದನ್ನು ಕುಚ್ಚಲಿಗೆ ಕೊಡಿ. ನೆನೆಸಿ ಬೇಯಿಸುವಾಗ ಒಳಗಿನ ಹಿಟ್ಟು ಗಂಜಿಯಾಗಿ ಬಿರುಕು ಬೆಸೆದುಕೊಳ್ತದೆ. ಮಳೆಗೆ ಸಿಕ್ಕಿದ ಎಂ.ಒ.4 ತಳಿಯ ಭತ್ತ ಹೇಗೂ ಕುಚ್ಚಲಿಗೇ ಹೋಗುದಲ್ವಾ, ಎರಡು ಸಲ ಒಣಗಿಸುವ ಬದಲು ವಾಸನೆ ಬರುವ ಮೊದಲೇ ನೇರ ಬೇಯಿಸಿ. ಬೆಂದ ಭತ್ತದ ತೇವ ಶೇ. 35ರ ಹತ್ತಿರ ಇರ್ತದೆ. ಅದನ್ನು ಒಂದೇ ಬಿಸಿಲಿಗೆ 14ಕ್ಕೆ ಇಳಿಸಬೇಡಿ. 16–18ಕ್ಕೆ ಬಂದಾಗ ರಾಶಿ ಮಾಡಿ ನಾಲ್ಕೈದು ಗಂಟೆ ಬಿಡಿ, ಒಳಗಿನ ತೇವ ಹೊರಗೆ ಬರಲಿ, ಮತ್ತೆ ಹರಡಿ.

ಕಾಪು_ಗದ್ದೆಬದಿ
14 ಬಂತು ಅಂತ ಗೊತ್ತಾಗುದು ಹೇಗೆ? ಮೀಟರ್ ಎಲ್ಲರ ಹತ್ರ ಇಲ್ಲ.

ಬಯಲುಸೀಮೆ_ಸುರತ್ಕಲ್
ಹಲ್ಲಲ್ಲಿ ಕಚ್ಚಿ ನೋಡುದು. ಕಟ್ ಅಂದ್ರೆ ಆಯ್ತು.

ಮೂಡಬಿದ್ರೆ_ಮಿಲ್ಲು
ಹಲ್ಲಿಗೆ 16ಕ್ಕೂ 13ಕ್ಕೂ ವ್ಯತ್ಯಾಸ ಗೊತ್ತಾಗುದಿಲ್ಲ. ಉಪ್ಪಿನ ಪರೀಕ್ಷೆ ಮಾಡಿ. ಒಣ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಭತ್ತ, ಎರಡು ಚಮಚ ಪುಡಿ ಉಪ್ಪು, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ, ಕಾಲು ಗಂಟೆ ಬಿಟ್ಟು ನೋಡಿ. ಗಾಜಿನ ಗೋಡೆಗೆ ಉಪ್ಪು ಅಂಟಿದರೆ ಶೇ. 15ಕ್ಕಿಂತ ಹೆಚ್ಚು. ಉದುರಿ ಕೆಳಗೆ ಬಿದ್ದರೆ ಇಡಬಹುದು. ಆದರೆ ಕರಾವಳಿಯ ಡಬ್ಬಿಯ ಉಪ್ಪೇ ಒದ್ದೆ! ಮೊದಲು ಬಾಣಲೆಯಲ್ಲಿ ಹುರಿದು, ತಣಿದ ಕೂಡಲೇ ಬಳಸಿ. ಇಲ್ಲದಿದ್ದರೆ ಎಲ್ಲ ಭತ್ತವೂ ಫೇಲು.

ಹತ್ತು-ಹನ್ನೆರಡು ಮನೆ ಸೇರಿ ಒಂದು ಮೀಟರ್ ತೆಗೆದುಕೊಳ್ಳುದು ಇನ್ನೂ ಒಳ್ಳೆದು.

ಆರ್ದ್ರತೆ_ಮಾಷ್ಟ್ರು
13ಕ್ಕೆ ಒಣಗಿಸಿ ಗೋಣಿಯಲ್ಲಿ ಇಟ್ಟರೆ ಜುಲೈಗೆ ಅದು 13 ಆಗಿ ಉಳಿಯುದಿಲ್ಲ. ಶೇ. 85–90 ತೇವದ ಗಾಳಿಯಲ್ಲಿ ಭತ್ತ ತಾನಾಗಿ 16–17ಕ್ಕೆ ಏರ್ತದೆ. ಹಾಗಾಗಿ ಗಾಳಿಯಾಡದ ಚೀಲ ಬೇಕು: ಒಳಗೆ ಎರಡು ದಪ್ಪ ಪಾಲಿಥೀನ್ ಪದರ, ಹೊರಗೆ ನೇಯ್ದ ಚೀಲ. ತುಂಬಿ, ಗಾಳಿ ಒತ್ತಿ ತೆಗೆದು, ಒಂದೊಂದು ಪದರವನ್ನೂ ಬೇರೆ ಬೇರೆ ತಿರುಚಿ, ಮಡಚಿ ಕಟ್ಟಬೇಕು. ಒಳಗಿನ ಹುಳ ಉಸಿರಾಡಿ ಆಮ್ಲಜನಕ ಮುಗಿಸಿ ತಾನೇ ಸಾಯ್ತದೆ. ಮದ್ದು ಬೇಡ.

ಅಡಿಗೆಕೋಣೆ_ಅಟ್ಟ
ನಮ್ಮ ಮುಡಿ ಇರುವಾಗ ಪ್ಲಾಸ್ಟಿಕ್ ಯಾಕೆ? ಬೈಹುಲ್ಲಿನಲ್ಲಿ ಕಟ್ಟಿದ 42 ಸೇರಿನ ಅಕ್ಕಿಮುಡಿ ಮಳೆಗಾಲ ಕಳೆದರೂ ಏನೂ ಆಗ್ತಿರಲಿಲ್ಲ.

ಆರ್ದ್ರತೆ_ಮಾಷ್ಟ್ರು
ಅಕ್ಕಾ, ಮುಡಿ ಇರುತ್ತಿದ್ದದ್ದು ಎಲ್ಲಿ? ಅಟ್ಟದಲ್ಲಿ. ಕೆಳಗೆ ಮೂರು ಹೊತ್ತು ಸೌದೆ ಒಲೆ. ಆ ಬಿಸಿ ಗಾಳಿ, ಹೊಗೆ ಮುಡಿಯನ್ನು ಒಣಗಿಸುತ್ತಾ ಇತ್ತು, ಹುಳಕ್ಕೂ ಹೊಗೆ ಆಗ್ತಿರಲಿಲ್ಲ. ಗ್ಯಾಸ್ ಒಲೆ ಬಂದ ಮೇಲೆ ಅಟ್ಟ ಹಳೆ ಸಾಮಾನು ಬಿಸಾಡುವ ಜಾಗ. ಸೌದೆ ಒಲೆ ಇದ್ದರೆ ಮುಡಿ ಕಟ್ಟಿ, ಇಲ್ಲದಿದ್ದರೆ ಬರಿ ಹುಲ್ಲಿಗೆ ತೇವ ತಡೆಯುವ ಶಕ್ತಿ ಇಲ್ಲ.

ಅಡಿಗೆಕೋಣೆ_ಅಟ್ಟ
ಅದು ಹೌದು. ಆದರೆ ಬಚ್ಚಲು ಒಲೆ ಈಗಲೂ ಎಷ್ಟೋ ಮನೆಯಲ್ಲಿ ಉಂಟು. ಅದರ ಮೇಲೆ ಅಟ್ಟ ಕಟ್ಟಿದರೆ ಎರಡು ಮುಡಿ ಹಿಡೀತದೆ.

ಪುತ್ತೂರು_ಚಾಲಿ
ಒಣಗಿಸುವ ಮಾತು ಬಂತಲ್ಲ, ಪಾರದರ್ಶಕ ಪ್ಲಾಸ್ಟಿಕ್ ಮನೆ ಕಟ್ಟಿ. ಅಡಿಕೆ ಚಾಲಿಗೆ ಬಿಸಿಲಲ್ಲಿ 40–45 ದಿನ ಬೇಕು, ನಡುವೆ ಮಳೆ ಬಂದರೆ ಬೂಷ್ಟು ಹಿಡಿದು ಪಟೋರಕ್ಕೂ (ಕೆಳದರ್ಜೆಗೂ) ಬೇಡ. ಯುವಿ ತಡೆಯುವ 200 ಮೈಕ್ರಾನ್ ಶೀಟ್ ಹಾಕಿದರೆ ಅವಸರದಲ್ಲಿ ರಾಶಿ ಎಳೆಯುವ ಕೆಲಸ ಇಲ್ಲ. ಭತ್ತ, ಕಾಳುಮೆಣಸು, ಕೊಬ್ಬರಿ ಎಲ್ಲದಕ್ಕೂ ಅದೇ ಮನೆ ಆಗ್ತದೆ.

ಗುಳ್ಳ_ಗದ್ದೆ
ಅಡಿಕೆ ಆಹಾರವಾ? ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೇ ಉಂಟು.

ಪುತ್ತೂರು_ಚಾಲಿ
ಇದಾ ಶುರು. ದಕ್ಷಿಣ ಕನ್ನಡದ ಅರ್ಧ ಮನೆಯ ಊಟ ಅದರಿಂದ ಬರ್ತದೆ, ಆ ಲೆಕ್ಕದಲ್ಲಿ ಆಹಾರ.

ನಿರ್ವಾಹಕ
ಅಡಿಕೆ ವಾದ ಇಲ್ಲಿಗೆ ನಿಲ್ಲಲಿ. ಒಣಗಿಸುವ ಮನೆಯ ಬಗ್ಗೆ ಬರೆಯುವವರು ಬರೆಯಿರಿ.

ಆರ್ದ್ರತೆ_ಮಾಷ್ಟ್ರು
ಒಣಗಿಸುವ ಮನೆಯಲ್ಲಿ ಹೆಚ್ಚಿನವರು ಗಾಳಿಯ ದಾರಿ ಮರೆಯುತ್ತಾರೆ. 30 ಡಿಗ್ರಿ, ಶೇ. 80ರ ಗಾಳಿಯನ್ನು 45ಕ್ಕೆ ಬಿಸಿ ಮಾಡಿದರೆ ಅದರ ತೇವಾಂಶ ಶೇ. 35ಕ್ಕೆ ಇಳೀತದೆ, ಆಗ ಅದಕ್ಕೆ ನೀರು ಹೀರುವ ಹಸಿವು ಬರ್ತದೆ. ಆದರೆ ಹೀರಿದ ಗಾಳಿ ಹೊರಗೆ ಹೋಗದಿದ್ದರೆ ಸ್ವಲ್ಪ ಹೊತ್ತಲ್ಲೇ ಹೊಟ್ಟೆ ತುಂಬಿ ನಿಂತುಬಿಡ್ತದೆ. ರಾತ್ರಿ ಶೀಟಿನ ಒಳಮೈಯಲ್ಲಿ ನೀರಾಗಿ, ಹನಿಹನಿಯಾಗಿ ಮತ್ತೆ ಅಡಿಕೆಯ ಮೇಲೆಯೇ ಬೀಳ್ತದೆ. ಶೀಟ್ ಕೆಟ್ಟದ್ದು ಅಂತ ಬೈಯುದು ಆಮೇಲೆ.

ಆದ್ದರಿಂದ ಒಂದು ತುದಿಯಲ್ಲಿ ಕೆಳಗೆ ಗಾಳಿ ಬರುವ ಕಿಂಡಿ, ಇನ್ನೊಂದು ತುದಿಯಲ್ಲಿ ಮೇಲೆ ಎಕ್ಸಾಸ್ಟ್ ಫ್ಯಾನ್. ಸಣ್ಣ ಸೋಲಾರ್ ಫಲಕಕ್ಕೆ ನೇರ ಜೋಡಿಸಿದ 12 ವೋಲ್ಟಿನ ಫ್ಯಾನ್ ಆದರೆ ಬಿಸಿಲು ಏರಿದ ಹಾಗೆ ತಾನೇ ಜೋರಾಗ್ತದೆ. ಸಂಜೆ ಕಿಂಡಿ ಮುಚ್ಚಿ. ಮಾಡು ಚಪ್ಪಟೆ ಬೇಡ, ಕಡಿದಾದ ಇಳಿಜಾರು ಇದ್ದರೆ ಹನಿ ಬೀಳದೆ ಬದಿಗೆ ಜಾರ್ತದೆ. ಒಣಗುದು ನೆಲದಲ್ಲಿ ಬೇಡ, ಎರಡೂವರೆ ಅಡಿ ಎತ್ತರದ ಬಲೆಯ ಮಂಚದ ಮೇಲೆ.

ಮೂಡಬಿದ್ರೆ_ಮಿಲ್ಲು
ಬಿಸಿಲೇ ಇಲ್ಲದ ದಿನಕ್ಕೆ? ಕ್ವಿಂಟಾಲ್ ಭತ್ತವನ್ನು 22ರಿಂದ 14ಕ್ಕೆ ಇಳಿಸ್ಲಿಕ್ಕೆ 9.3 ಲೀಟರ್ ನೀರು ತೆಗೆಯಬೇಕು. ಸುಮಾರಾದ ಒಲೆಯಲ್ಲಿ 6–7 ಕೆ.ಜಿ. ಸೌದೆ ಸಾಕು. ಹೊಗೆ ಕಾಳಿಗೆ ತಾಗದ ಹಾಗೆ ಕೊಳವೆಯಲ್ಲಿ ಹೊರಗೆ ಹೋಗಬೇಕು, ಬಿಸಿ ಮಾತ್ರ ಒಳಗೆ. ಬೀಜದ ಭತ್ತವಾದರೆ 42 ಡಿಗ್ರಿ ದಾಟಿಸಬೇಡಿ, ಮೊಳಕೆ ಸಾಯ್ತದೆ. ಕೊಬ್ಬರಿಗೆ ಕಾಸರಗೋಡಿನ ಸಿಪಿಸಿಆರ್‌ಐ (ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ವಿನ್ಯಾಸದ ತೆಂಗಿನ ಗೆರಟೆ ಉರಿಸುವ ಒಣಗಿಸುವ ಯಂತ್ರ ಉಂಟು, ಅದನ್ನೇ ನೋಡಿ. ಕೊಬ್ಬರಿ ಶೇ. 6ಕ್ಕೆ ಇಳಿಯುವವರೆಗೂ ಬೂಷ್ಟಿನ ಭಯ.

ಕುಂದಾಪ್ರ_ಗಂಟಿ
ಕಾಳ್‌ಮೆಣ್ಸ್ ಬಿಸಿನೀರಗ್ ಅದ್ದುಕ್ ಹೇಳ್ತ್ರಲೆ, ಎಷ್ಟ್ ಹೊತ್ತ್? ಐದ್ ನಿಮಿಷ?

ಪುತ್ತೂರು_ಚಾಲಿ
ಐದು ನಿಮಿಷ ಬೇಡವೇ ಬೇಡ. ಕುದಿಯುವ ನೀರಲ್ಲಿ ಒಂದೇ ನಿಮಿಷ. ಬಿಡಿಸಿದ ಕಾಳನ್ನು ತೂತಿನ ಬುಟ್ಟಿಯಲ್ಲಿ ಮುಳುಗಿಸಿ ತೆಗೆಯುದು. ಸಿಪ್ಪೆಯ ಕಣ ಒಡೆದು ಕಪ್ಪು ಬಣ್ಣ ಬರಿಸುವ ಕಿಣ್ವ ಕೆಲಸ ಶುರು ಮಾಡ್ತದೆ. ಹೆಚ್ಚು ಹೊತ್ತು ಬೇಯಿಸಿದರೆ ಆ ಕಿಣ್ವವೇ ಸತ್ತು ಕಾಳು ಕಂದು ಕಂದಾಗಿ ಉಳೀತದೆ. ಅದ್ದಿದ್ದು ಮೂರು-ನಾಲ್ಕು ದಿನದಲ್ಲಿ ಒಣಗ್ತದೆ, ಕಲ್ಲು-ಮಣ್ಣು ತೊಳೆದು ಹೋಗ್ತದೆ. ಶೇ. 11ಕ್ಕೆ ಬಂದ ಮೇಲೆ ಕಟ್ಟಿ. 100 ಕೆ.ಜಿ. ಹಸಿಗೆ 33 ಸಿಗಬೇಕು. 37–38 ಬಂತು ಅಂತ ಖುಷಿ ಆದರೆ ಒಳಗೆ ನೀರುಂಟು ಅಂತ ತಿಳ್ಕೊಳ್ಳಿ. ಸೆಗಣಿ ಸಾರಿಸಿದ ಅಂಗಳದಲ್ಲಿ ಮಾತ್ರ ಹರಡಬೇಡಿ.

ಅಡಿಗೆಕೋಣೆ_ಅಟ್ಟ
ಹಲಸಿನ ಬಗ್ಗೆ ಯಾರಿಗೂ ನೆನಪಿಲ್ಲ. ಮರದಡಿಯಲ್ಲಿ ಕೊಳೆಯುದು ಅದೇ ಹೆಚ್ಚು! ಬೆಳೆದ ಕಾಯಿಯ ಸೊಳೆ 10 ಕೆ.ಜಿ.ಗೆ ಕಲ್ಲುಪ್ಪು ಒಂದೂವರೆಯಿಂದ ಎರಡು ಕೆ.ಜಿ. ಪದರ ಪದರ ಹಾಕಿ ಮೇಲೆ ಭಾರ ಇಡಿ. ಎರಡು-ಮೂರು ದಿನದಲ್ಲಿ ಬಿಟ್ಟ ನೀರಲ್ಲಿ ಸೊಳೆ ಮುಳುಗಿರಬೇಕು. ಮೇಲೆ ತೇಲಿದ ಸೊಳೆಗೆ ಬಿಳಿ ಪೊರೆ ಕಟ್ಟಿ, ಅದರಿಂದ ಇಡೀ ಭರಣಿ ಮೆತ್ತಗಾಗ್ತದೆ. ಉಪ್ಪು ಉಳಿಸ್ಲಿಕ್ಕೆ ಹೋಗಬೇಡಿ. ಕಮ್ಮಿ ಆದರೆ ಹುಳಿ ಬರ್ತದೆ, ಹೆಚ್ಚಾದರೆ ಅಡಿಗೆಯ ಮೊದಲು ರಾತ್ರಿ ನೀರಲ್ಲಿ ಹಾಕಿಟ್ಟರೆ ಮುಗೀತು.

ಬಂದರು_ಬದಿ
ಉಪ್ಪಡ್ ಪಚ್ಚಿಲ್ (ಉಪ್ಪುಸೊಳೆ)! ಅದಕ್ಕೆ ಒಣ ಸಿಗಡಿ ಹಾಕಿದರೆ... ಆಯ್ತು ಆಯ್ತು, ನಿರ್ವಾಹಕರೇ, ಹೋದೆ.

ಕಾಪು_ಗದ್ದೆಬದಿ
ಪೆಟ್ಟಿಗೆ ಬಿಟ್ಟೆವು. ಮೊದಲು ಕ್ರೇಟು, ನೆರಳಿನ ಶೆಡ್, ಟರ್ಪಾಲ್, ಒಂದು ಮೀಟರ್. ಎಸಿ ಕೋಣೆ ಆಮೇಲೆ ನೋಡುವ. ಸಹಾಯಧನ ಏನಾದ್ರೂ ಉಂಟಾ?

ಗುಳ್ಳ_ಗದ್ದೆ
ಟರ್ಪಾಲಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಪಹಣಿ, ಆಧಾರ್ ಹಿಡ್ಕೊಂಡು ಹೋಗಿ. ಹಪ್ಪಳ, ಉಪ್ಪುಸೊಳೆ ಮಾರುವ ಯೋಚನೆ ಇದ್ದರೆ 2020ರಲ್ಲಿ ಶುರುವಾದ ಪಿ.ಎಂ.ಎಫ್.ಎಂ.ಇ. (ಸಣ್ಣ ಆಹಾರ ಉದ್ದಿಮೆಗಳಿಗೆ ಕೇಂದ್ರ ಸರಕಾರದ್ದು) ಯೋಜನೆ, ಸಾಲದ ಜೊತೆ ಶೇ. 35 ಸಹಾಯಧನ, ಗರಿಷ್ಠ 10 ಲಕ್ಷ ಅಂತ ನಿಯಮ. ಈಗ ಅರ್ಜಿ ತೆಗೊಳ್ತಾರಾ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಗುಳ್ಳ, ಬೆಂಡೆಯ ಬಗ್ಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ಸಲ ಹೋಗಿ ಬನ್ನಿ.

ಎಸಿ_ರಿಪೇರಿ_ಪಡುಬಿದ್ರಿ
ಶೆಡ್ಡಿಗೆ ಬರೀ ತಗಡು ಹಾಕಬೇಡಿ, ಅಡಿಯಲ್ಲಿ ಒಲೆ ಆಗ್ತದೆ. ತಗಡೇ ಆದರೆ ಮೇಲೆ ಮಡಲು ಹೊದೆಸಿ.

ಮೂಡಬಿದ್ರೆ_ಮಿಲ್ಲು
ಗಾಳಿಯಾಡದ ಚೀಲ ತೆಗೊಳ್ಳುವ ಮೊದಲು ಇಲಿಯ ಬಗ್ಗೆ ಯೋಚನೆ ಮಾಡಿ. ಒಂದು ಹಲ್ಲು ತಾಗಿದರೆ ಅದು ಮಾಮೂಲಿ ಚೀಲ. ಮರದ ಮಂಚದ ಮೇಲೆ, ಗೋಡೆಯಿಂದ ಎರಡಡಿ ದೂರ ಇಡಿ. ಮಂಚದ ಕಾಲು ಮೂರಡಿ ಎತ್ತರ ಇರಲಿ, ತುದಿಯಲ್ಲಿ ತಗಡಿನ ಕೊಡೆ, ಕಾಲಿನಿಂದ 25 ಸೆಂ.ಮೀ. ಹೊರಗೆ ಚಾಚಿರಬೇಕು. ಕಿಟಕಿಗೆ ಬೆರಳು ತೂರದಷ್ಟು ಸಣ್ಣ ಕಣ್ಣಿನ ಬಲೆ.

ಕುಂದಾಪ್ರ_ಗಂಟಿ
ಬೆಕ್ಕ್ ಸಾಕಿರೆ ಆತಿಲ್ಯಾ?

ಮೂಡಬಿದ್ರೆ_ಮಿಲ್ಲು
ಬೆಕ್ಕು ಚೀಲದ ಮೇಲೆಯೇ ಉಗುರು ಮಸೀತದೆ.